ಬಿಳಿಯೋ ಹಳದಿಯೋ

“ಸ್ವಾಗತ,” ಎಂದಿತು ಪರದೆ, ಮೂರನೆಯ ಸಲ. ಮೇಸ್ತ್ರಿ ನಗಬೇಕೆಂದುಕೊಂಡ, ತುಟಿ ಒಂದು ಬದಿಗೆ ಹೋಗಿ ಅಲ್ಲೇ ನಿಂತಿತು. ಗಣಿತದ ಮೇಡಂ ಕಾರಿನ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಸೊಂಟದ ಹಿಂದಕ್ಕೆ ಒತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಅವಳಿಗೆ ಏಳು ತಿಂಗಳು. ಹನ್ನೆರಡು ದಿನಗಳ ಹಿಂದೆ ಅವಳ ಕಾರಿಗೆ ಈ ಪರದೆ ಕೂರಿಸಿದವನು ಅವನೇ. ಹಾಡು, ದಾರಿ, ಫೋನು, ಹಿಂದಕ್ಕೆ ಹೋಗುವಾಗ ಬೆನ್ನ ಹಿಂದಿನದನ್ನು ತೋರಿಸುವ ಕ್ಯಾಮೆರಾ, ಎಲ್ಲ ಒಂದರಲ್ಲೇ. ಈಗ ಅದು ಓಡುತ್ತ ಓಡುತ್ತಲೇ ಆರಿಹೋಗುತ್ತದೆ. ಕಪ್ಪಾಗಿ, ಒಂದು ಉಸಿರಿನಷ್ಟು ಹೊತ್ತು ಸತ್ತ ಹಾಗೆ ಇದ್ದು, ಮತ್ತೆ ಮೊದಲಿನಿಂದ ಬೆಳಗಿ, ಏನೂ ಆಗಿಲ್ಲವೆಂಬಂತೆ ಆ ಹೆಣ್ಣುದನಿಯಲ್ಲಿ ಸ್ವಾಗತ ಅನ್ನುತ್ತದೆ.

“ಎಷ್ಟು ಸಲ ಅಂತ ಸ್ವಾಗತ ಮಾಡೋದು ಮೇಸ್ತ್ರೀ? ನಮ್ಮನೇಲಿ ಬೀಗರಿಗೂ ಇಷ್ಟು ಉಪಚಾರ ಇಲ್ಲ,” ಎಂದಳು ಮೇಡಂ. “ಹಳ್ಳ ಬಿದ್ದ ರಸ್ತೇಲಿ ಹೋದ್ರೆ ಆರುತ್ತೆ. ಎಡಕ್ಕೆ ತಿರುಗಿದ್ರೆ ಆರುತ್ತೆ. ಒಂದೊಂದ್ಸಲ ಲೈಟ್ ಹಾಕಿದ ಕೂಡ್ಲೇ ಆರುತ್ತೆ. ನಮ್ಮತ್ತೆ ಹೇಳ್ತಾರೆ, ಅದಕ್ಕೂ ನಿನ್ನ ಹಾಗೆ ತಲೆಸುತ್ತು ಅಂತ.”

“ನೋಡ್ತೀನಮ್ಮ. ಸಣ್ಣದೇನೋ ಇರುತ್ತೆ.”

“ಇನ್ನೊಂದು ಹೇಳೋದು ಮರೆತೆ. ನಿನ್ನೆ ಸ್ಪೀಡ್ ಮೀಟರ್ ಪಕ್ಕ ಒಂದು ಕೆಂಪು ಚಿತ್ರ ಹತ್ತಿಕೊಂಡಿತ್ತು. ಯಾರೋ ಕೂತಿದ್ದಾರೆ, ಅವರ ಹೊಟ್ಟೆ ಮುಂದೆ ಗುಂಡಗೆ ಏನೋ ಇದೆ. ನಂಗೆ ನಗು ಬಂತು. ಇದೇನಪ್ಪಾ, ನನ್ನದೇ ಚಿತ್ರ ಬರೆದಿಟ್ಟಿದ್ದಾರಲ್ಲ ಅಂತ.”

ಆ ಚಿತ್ರ ಅವನಿಗೆ ಗೊತ್ತು. ಸ್ಟೇರಿಂಗಿನೊಳಗೆ ಮಡಚಿ ಮಲಗಿರುವ ಏರ್‌ಬ್ಯಾಗಿನ ದೀಪ ಅದು. “ಯಾವಾಗ ಹತ್ತಿತು? ಸ್ಟಾರ್ಟ್ ಮಾಡಿದ ಕೂಡ್ಲೇನೋ, ಓಡ್ತಾ ಇದ್ದಾಗಲೋ?” ಎಂದು ಕೇಳಿದ. ಕೀಲಿ ತಿರುಗಿಸಿದಾಗ ಎಲ್ಲ ಕಾರಿನಲ್ಲೂ ಆ ದೀಪ ಒಂದು ಕ್ಷಣ ಹತ್ತಿ ಆರುತ್ತದೆ, ಅದಕ್ಕೆ ಅರ್ಥವಿಲ್ಲ. ಓಡುವಾಗ ಹತ್ತಿದರೆ ಅರ್ಥವಿದೆ. ಮೇಡಂ ಯೋಚಿಸಿದಳು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಎಲ್ಲಾಯಿತೆಂದು ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿ, “ನೆನಪಾಗ್ತಿಲ್ಲ ಮೇಸ್ತ್ರೀ,” ಎಂದಳು. ಕೀಲಿ ಅವನ ಅಂಗೈಗೆ ಹಾಕಿದಳು. “ನಾಲ್ಕಕ್ಕೆ ಶಾಲೆ ಬಿಡುತ್ತೆ, ಬರ್ತೀನಿ. ನೀವು ಮಾಡಿದ್ದು ಅಂತ ನಂಗೆ ಧೈರ್ಯ.” ಹೊರಟವಳು, ಬಿಸಿಲಿನಲ್ಲಿ ಕಾಯುತ್ತಿದ್ದ ಅವನ ಹತ್ಯಾರದ ತಟ್ಟೆಯನ್ನು ಕಂಡು, ಬಗ್ಗಲಾರದೆ, ಚಪ್ಪಲಿಯ ತುದಿಯಿಂದ ಅದನ್ನು ಮೆಲ್ಲಗೆ ನೆರಳಿಗೆ ತಳ್ಳಿ ರಸ್ತೆ ದಾಟಿದಳು. ಸ್ಪ್ಯಾನರ್ ಮುಟ್ಟಿ ಅವನ ಕೈ ಸುಡದಿರಲಿ ಎಂದು. ಬೈದು ಹೋಗಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಅವನು ಅವಳ ಸೀಟಿನಲ್ಲಿ ಕೂರಲು ಹೋದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಕುಳ್ಳಗಿನ ಹೆಂಗಸು, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಿದ್ದಾಳೆ. ಸ್ಟೇರಿಂಗಿಗೂ ಬೆನ್ನಿಗೂ ಇರುವ ಜಾಗವನ್ನು ಕಣ್ಣಲ್ಲೇ ಅಳೆದು, ಅದರಲ್ಲಿ ಅವಳ ಹೊಟ್ಟೆಯನ್ನು ಕಳೆದ. ಒಂದು ಗೇಣು ಉಳಿಯಿತು. ಏರ್‌ಬ್ಯಾಗಿನ ಕಾರು ಮೊದಲ ಸಲ ಕೈಗೆ ಬಂದ ದಿನ, ಕೆಲಸ ಕಲಿಸಿದ ಮುದುಕ ಸ್ಪ್ಯಾನರನ್ನೂ ಕೊಡದೆ, ಹೇಳಿಕೊಟ್ಟದ್ದು ಒಂದೇ ಪಾಠ: ಹಳದಿ ಕಂಡರೆ ಕೈ ಕಟ್ಟು. ಏರ್‌ಬ್ಯಾಗಿನ ತಂತಿಗಳಿಗೆ ಹಳದಿ ಬಣ್ಣ, ಅವುಗಳ ಮೇಲಿನ ಕೊಳವೆಗೂ ಹಳದಿ. ಅವನ್ನು ಕತ್ತರಿಸಬಾರದು, ಅವುಗಳಿಂದ ಕರೆಂಟು ಕದಿಯಬಾರದು, ಮೀಟರಿನ ಮೊನೆಯನ್ನು ಕೂಡ ತಾಗಿಸಬಾರದು. ಮೀಟರಿನ ಇರುವೆ ಕಾಲಿನಷ್ಟು ಕರೆಂಟೇ ಅದನ್ನು ಎಬ್ಬಿಸಿಬಿಡಬಹುದು. ಎಬ್ಬಿಸಿದರೆ ಸುಮ್ಮನೆ ಹೋಗುತ್ತಿರುವ ರಸ್ತೆಯಲ್ಲಿ ಅದು ಗುಂಡು ಹಾರಿದ ಹಾಗೆ ಸಿಡಿದು ಎದೆಗೆ ಬಡಿಯುತ್ತದೆ. ಕೆಡಿಸಿದರೆ, ಬೇಕಾದ ದಿನ ಏಳುವುದೇ ಇಲ್ಲ. ಹನ್ನೆರಡು ದಿನದ ಹಿಂದೆ, ಕತ್ತಲಾದಾಗ ಪರದೆಯ ಬೆಳಕು ತಾನಾಗಿ ಇಳಿಯಲೆಂದು, ಪರದೆಯ ಒಂದು ಸಣ್ಣ ಎಳೆಯನ್ನು ಅವನು ಕಾರಿನ ದೀಪದ ತಂತಿಗೆ ಕ್ಲಿಪ್ ಹಾಕಿ ಕಟ್ಟಿದ್ದ. ಈ ಕಾರಿನಲ್ಲಿ ದೀಪದ ತಂತಿ ಬಿಳಿ. ಅದಕ್ಕೂ ಮುಂಚೆ ಕಾರಿಗೆ ಯಾರೋ ಬಲಬದಿಯಿಂದ ಗುದ್ದಿದ್ದರು, ಆ ರಿಪೇರಿಯಲ್ಲಿ ಹಳದಿ ಕೊಳವೆ ಒಂದು ಗೇಣು ಹರಿದುಹೋಗಿ, ಒಳಗಿನ ತಂತಿಗಳು ಬೆತ್ತಲೆಯಾಗಿ, ಬಿಳಿಯ ಜೊತೆ ಒಂದೇ ಕಪ್ಪು ಟೇಪಿನೊಳಗೆ ಸೇರಿಕೊಂಡಿದ್ದವು. ಆ ದಿನ ಟೇಪು ಬಿಡಿಸಿ, ಒಂದನ್ನು ಆರಿಸಿ, ಕ್ಲಿಪ್ ಒತ್ತಿದ್ದ. ಟಕ್ ಎಂದಿತ್ತು. ಆ ಟಕ್ ಈಗ ಕಿವಿಯಲ್ಲಿ ಇದೆ. ತಂತಿಯ ಬಣ್ಣ ಮಾತ್ರ ಕಣ್ಣಿನಲ್ಲಿ ಇಲ್ಲ.

“ಏನು ಭಾವ, ಮೇಡಂ ವಾಪಸ್ ಬಂದ್ರಲ್ಲ?” ಎಂದು ಅಂಗಡಿಯ ಒಳಗಿನಿಂದ ಭಾವಮೈದ ಬಂದ. ಅಂಗಡಿ ಅವನದು. ಹೆಂಡತಿಯ ತಮ್ಮ, ಹತ್ತು ವರ್ಷ ಚಿಕ್ಕವನು. ಭಾವ ಎಂದು ಕರೆಯುವುದನ್ನು ಒಂದು ದಿನವೂ ತಪ್ಪಿಸಿದವನಲ್ಲ, ಆದರೆ ಇತ್ತೀಚೆಗೆ ಆ ಭಾವ ಎಂಬ ಮಾತಿನಲ್ಲಿ ಎಷ್ಟು ಭಾವ, ಎಷ್ಟು ಸಂಬಳ ಎಂದು ಮೇಸ್ತ್ರಿ ಕಿವಿಗೊಟ್ಟು ಕೇಳುತ್ತಿದ್ದ. “ಅರ್ತ್ ಲೂಸ್ ಇರ್ಬೇಕು,” ಎಂದ. ಪರದೆಗೆ ಹೋದ ಕರೆಂಟು ಕಾರಿನ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳಬೇಕಲ್ಲ, ಆ ಜೋಡಣೆಗೆ ಎಲ್ಲರೂ ಅರ್ತ್ ಅನ್ನುತ್ತಾರೆ. “ಅರ್ಥ ಆಯ್ತು ಬಿಡಿ,” ಎಂದು ಭಾವಮೈದ ತನ್ನ ಹಳೆಯ ಹಾಸ್ಯವನ್ನು ಹೇಳಿ ತಾನೇ ನಕ್ಕ. “ಈ ಗಿರಾಕಿಗಳಿಗೆ ಒಂದ್ಸಲ ಅನುಮಾನ ಹೊಕ್ಕಿತು ಅಂದ್ರೆ ಮುಗೀತು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ.” ಮೇಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಪೆಡಲಿನ ಕೆಳಗೆ ಹೋಯಿತು. ಬಗ್ಗಿ ಹುಡುಕುವ ನೆಪದಲ್ಲಿ ಮುಖ ಒಳಗೇ ಇಟ್ಟುಕೊಂಡ. ಇವನಿಗೆ ಗೊತ್ತಿದೆಯೆ? ಗೊತ್ತಿದ್ದೇ ಹೇಳಿದನೆ? ತಲೆ ಎತ್ತಿದಾಗ ಭಾವಮೈದ ಇರಲಿಲ್ಲ. ಫೋನಿನಲ್ಲಿ ಯಾರಿಗೋ ‘ಆಗುತ್ತೆ ಸಾರ್, ಖಂಡಿತ ಆಗುತ್ತೆ’ ಎನ್ನುವುದು ಒಳಗಿನಿಂದ ಕೇಳುತ್ತಿತ್ತು.

ಕಣ್ಣಿನ ಡಾಕ್ಟರು ಕಾಮಾಲೆ ಅಂದಿರಲಿಲ್ಲ. ಪೊರೆ ಅಂದಿದ್ದಳು. ಎರಡು ತಿಂಗಳ ಹಿಂದೆ, ಮನೆಯಲ್ಲಿ ಹೇಳದೆ, ಊಟದ ಬಿಡುವಿನಲ್ಲಿ ಹೋಗಿದ್ದ. ಕತ್ತಲೆಯ ಕೋಣೆ, ಗದ್ದ ಇಡುವ ತಣ್ಣಗಿನ ಕಬ್ಬಿಣ, ಮಗಳ ವಯಸ್ಸಿನ ಡಾಕ್ಟರು. “ಬಿಳಿ ಪೊರೆ ಅಲ್ಲ ತಾತ, ಕಂದು ಬಣ್ಣದ್ದು. ಹಳೇ ಮನೆ ಕಿಟಕಿ ಗಾಜು ಹಳದಿಗಟ್ಟಿರುತ್ತಲ್ಲ, ಹಾಗೆ. ಅದರ ಮೂಲಕ ನೋಡ್ತಿದ್ದೀರಿ. ನೀಲಿ ಕಪ್ಪಾಗಿ ಕಾಣುತ್ತೆ. ಬಿಳಿ ಹಳದಿ ಎರಡೂ ಒಂದೇ ಥರ ಅನ್ಸುತ್ತೆ. ಏನು ಕೆಲಸ ಮಾಡ್ತೀರಿ?” ಅವನು ತಡವರಿಸಿ, “ಅಂಗಡೀಲಿ ಕೂತಿರ್ತೀನಮ್ಮ,” ಎಂದ. ಯಾಕೆ ಹಾಗೆ ಹೇಳಿದೆನೆಂದು ದಾರಿಯುದ್ದಕ್ಕೂ ಕೇಳಿಕೊಂಡಿದ್ದ. ಆಪರೇಷನ್ ಕಷ್ಟದ್ದಲ್ಲವಂತೆ, ಒಂದೊಂದು ಕಣ್ಣಿಗೆ ಅರ್ಧ ಗಂಟೆಯಂತೆ, ಆಮೇಲೆ ಮೂರು ವಾರ ಬಗ್ಗುವ ಕೆಲಸ ಮಾಡಬಾರದಂತೆ. ಬಗ್ಗದೆ ಮಾಡುವ ಯಾವ ಕೆಲಸ ಅವನಿಗೆ ಬರುತ್ತದೆ? ಮೂರು ವಾರ ತನ್ನ ಸ್ಟೂಲಿನ ಮೇಲೆ ಇನ್ನೊಬ್ಬ ಕೂತರೆ ಸ್ಟೂಲು ಅವನ ಮೈಗೆ ಒಗ್ಗಿಹೋಗುತ್ತದೆ. ಚೀಟಿಯನ್ನು ನಾಲ್ಕಾಗಿ ಮಡಚಿ ಮೀಟರಿನ ಚರ್ಮದ ಚೀಲದೊಳಗೆ ಇಟ್ಟ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ.

ಅಲ್ಲಿಂದಾಚೆ ಅವನು ತನ್ನ ಬೆಂಚಿನ ಹತ್ತಿರ ಕಳ್ಳನ ಹಾಗೆ ಬದುಕಿದ. ಗೂಡಿನಲ್ಲಿ ತಂತಿಯ ಉಂಡೆಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡ: ಎಡದಿಂದ ಕೆಂಪು, ಆಮೇಲೆ ಕಪ್ಪು, ನೀಲಿ, ಹಳದಿ, ಕೊನೆಗೆ ಬಿಳಿ. ಒಂದು ದಿನ ಭಾವಮೈದ ಸ್ವಚ್ಛ ಮಾಡಿಸುತ್ತೇನೆಂದು ಎಲ್ಲ ಇಳಿಸಿ ಹೇಗೆ ಹೇಗೋ ಏರಿಸಿದಾಗ, ಎರಡು ದಿನ ಮೈ ಹುಷಾರಿಲ್ಲವೆಂದು ಮನೆಯಲ್ಲಿ ಮಲಗಿದ. ಹೆಂಡತಿ ಹಣೆ ಮುಟ್ಟಿ ನೋಡಿ, ಜ್ವರವಿಲ್ಲದ್ದನ್ನು ತಿಳಿದೂ ಗಂಜಿ ಮಾಡಿ ಕೊಟ್ಟಳು. ಅನುಮಾನ ಬಂದ ತಂತಿಯನ್ನು ಬೆನ್ನು ನೋವು ಬಿಡಿಸಿಕೊಳ್ಳುವ ನೆಪದಲ್ಲಿ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆದರೆ ಕಾರಿನ ಹೊಟ್ಟೆಯೊಳಗಿನ ತಂತಿಯನ್ನು ಬಾಗಿಲಿಗೆ ತರುವುದಾಗುವುದಿಲ್ಲ. ಅಲ್ಲಿ ಮೂವತ್ತೈದು ವರ್ಷದ ರೂಢಿಯನ್ನು ನಂಬಿದ. ಕೈಗೆ ಗೊತ್ತಿದೆ, ಕೈ ತಪ್ಪುವುದಿಲ್ಲ ಎಂದುಕೊಂಡ. ಹೌದು, ಕೈಗೆ ಗೊತ್ತಿದೆ. ಆದರೆ ಕೈಗೆ ಬಣ್ಣ ಗೊತ್ತಿಲ್ಲವಲ್ಲ.

ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಬಿಚ್ಚಿದ. ಬಿಚ್ಚಿದ ಮೇಲೆ ಹತ್ತು ನಿಮಿಷ ಏನನ್ನೂ ಮುಟ್ಟದೆ ಕಾಯಬೇಕು, ಒಳಗೆ ಉಳಿದ ಕರೆಂಟು ಸೋರಿಹೋಗಲು. ಎಷ್ಟೋ ಸಲ ಆ ಹತ್ತು ನಿಮಿಷದಲ್ಲಿ ಅವನು ಚಹಾ ಕುಡಿದಿದ್ದಾನೆ, ಪೇಪರ್ ಓದಿದ್ದಾನೆ. ಇವತ್ತು ಮಡ್‌ಗಾರ್ಡಿಗೆ ಒರಗಿ ನಿಂತ. ಎದುರು ರಸ್ತೆಯಾಚೆ ಶಾಲೆಯ ಗೋಡೆ. ಅದು ಬಿಳಿ ಎಂದು ಗೊತ್ತು, ಹೋದ ವರ್ಷ ಸುಣ್ಣ ಹೊಡೆಯುವಾಗ ನೋಡಿದ್ದಾನೆ. ಈಗ ಅದು ಹಳೆಯ ಪುಸ್ತಕದ ಹಾಳೆಯ ಹಾಗೆ ಇದೆ, ಮತ್ತು ಅದು ಹಾಗೆ ಇರುವುದು ಅಲ್ಲಿ ಅಲ್ಲ, ತನ್ನೊಳಗೆ. ಮೂರನೆಯ ಕಿಟಕಿಯಿಂದ ಮೇಡಂ ದನಿ ಕೇಳಿಸಿತು. ಎಂಟು ಏಳಲ? ಮಕ್ಕಳು ಒಟ್ಟಿಗೆ ಕೂಗಿದವು. ಎಂಟು ಎಂಟಲ? ಮಗ್ಗಿ ನಡುವೆ ಯಾರೋ ತಪ್ಪಿದರು, ನಗು ಎದ್ದಿತು. “ನಗಬೇಡಿ, ತಪ್ಪು ಹೇಳಿದವನೇ ಧೈರ್ಯವಂತ, ಇನ್ನೊಂದ್ಸಲ ಹೇಳು,” ಎಂದಳು. ಹನ್ನೆರಡು ದಿನ. ದಿನಕ್ಕೆ ಎರಡು ಸಲ ಅವಳು ಆ ಒಂದು ಗೇಣಿನ ಹಿಂದೆ ಕೂತು ಓಡಾಡಿದ್ದಾಳೆ. ಪರದೆ ಆರಿದಾಗಲೆಲ್ಲ ಆ ಎಳೆಯಲ್ಲಿ ಕರೆಂಟು ಹಾರಿಬಿದ್ದಿದೆ, ಎದ್ದಿದೆ. ಯಾವ ತಂತಿಯೊಳಗೆ? ಏನನ್ನೋ ಎಬ್ಬಿಸಲು ಯಾರೋ ಮತ್ತೆ ಮತ್ತೆ ಬಾಗಿಲು ತಟ್ಟಿದ ಹಾಗೆ.

ಟೇಪು ಬಿಡಿಸಿದ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಬೆನ್ನು ಕೆಳಗಾಗಿ, ತಲೆಯನ್ನು ಪೆಡಲುಗಳ ನಡುವೆ ತೂರಿಸಿ ನೋಡಿದ. ಆರು ತಂತಿಗಳು. ಒಂದು ಕೆಂಪು, ಅದರಲ್ಲಿ ಅನುಮಾನವಿಲ್ಲ. ಎರಡು ಕಪ್ಪು, ಅಥವಾ ಒಂದು ಕಪ್ಪು ಒಂದು ನೀಲಿ. ಉಳಿದ ಮೂರು ಹಳೆಯ ಪುಸ್ತಕದ ಹಾಳೆ. ಅವುಗಳಲ್ಲಿ ಒಂದರ ಮೇಲೆ ಅವನ ಕ್ಲಿಪ್. ಬೆರಳಿನಿಂದ ಮೂರನ್ನೂ ಸವರಿದ. ಒಂದೇ ದಪ್ಪ, ಒಂದೇ ನುಣುಪು. ಜಗ್ಗಿ ಹಿಂಬಾಲಿಸಿದ, ಮೂರೂ ಒಂದೇ ತೂತಿನಲ್ಲಿ ನುಗ್ಗಿ ಮಾಯವಾದವು. ಮೀಟರನ್ನು ತೆಗೆದು ಕೈಯಲ್ಲಿ ಹಿಡಿದ, ಮೂವತ್ತೈದು ವರ್ಷ ಸುಳ್ಳು ಹೇಳದ ಮೀಟರು. ಹಿಡಿದವನು ಹಾಗೇ ಇಟ್ಟುಬಿಟ್ಟ. ಬಿಳಿಯಾಗಿದ್ದರೆ ಮುಟ್ಟಬಹುದು; ಬಿಳಿಯೋ ಅಲ್ಲವೋ ಎಂದು ತಿಳಿಯಲು ಮುಟ್ಟುವ ಹಾಗಿಲ್ಲ. ಕ್ಲಿಪ್ ಕಿತ್ತು ಹಾಕಿ, ಟೇಪು ಸುತ್ತಿ, ದೀಪದ ಎಳೆಯೇ ಬೇಡವೆಂದು ಬಿಟ್ಟುಬಿಟ್ಟರೆ? ಪರದೆ ರಾತ್ರಿ ಸ್ವಲ್ಪ ಹೆಚ್ಚು ಹೊಳೆಯುತ್ತದೆ, ಅಷ್ಟೇ. ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ, ಚಪ್ಪಲಿ ಹೊರಗೆ ಬಿಟ್ಟು ಬಂದ ನೆಂಟನ ಹಾಗೆ ಬಂದು ಕೂತಿತೆಂದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕ್ಲಿಪ್ಪಿನ ಹಲ್ಲು ಒಮ್ಮೆ ಕಚ್ಚಿದ ತಂತಿಗೆ ಗಾಯ ಉಳಿಯುತ್ತದೆ. ಹಳದಿಯಾಗಿದ್ದರೆ ಆ ಗಾಯದ ಸಮೇತ ಮೇಡಂ ಮನೆಗೆ ಹೋಗುತ್ತಾಳೆ, ಹೆರಿಗೆಗೆ ಹೋಗುತ್ತಾಳೆ, ಕೂಸನ್ನು ಕರೆದುಕೊಂಡು ಬರುತ್ತಾಳೆ.

“ಮೇಸ್ತ್ರೀ, ನಿಮ್ಮ ಹಸಿರು ಲೋಟ ಇಲ್ಲಿ ಕೆಂಪು ಸ್ಟೂಲ್ ಮೇಲೆ ಇಟ್ಟಿದೀನಿ, ಆರೋಗುತ್ತೆ ನೋಡಿ,” ಎಂದು ಹೊರಗಿನಿಂದ ದನಿ ಬಂತು. ಪಕ್ಕದ ಪೇಂಟ್ ಶೆಡ್ಡಿನ ಬಣ್ಣದಕ್ಕ. ಗುದ್ದಿಸಿಕೊಂಡು ಬಂದ ಕಾರುಗಳಿಗೆ ಹಳೆಯ ಬಣ್ಣದ ಪಕ್ಕದಲ್ಲಿ ಹೊಸದು ಕಾಣದಂತೆ ಬಣ್ಣ ಬೆರೆಸುವುದು ಅವಳ ಕೆಲಸ. ಬಿಳಿಯೊಂದರಲ್ಲೇ ಹಾಲಿನ ಬಿಳಿ, ಸುಣ್ಣದ ಬಿಳಿ, ಮೊಟ್ಟೆಯ ಬಿಳಿ, ಹಲ್ಲಿನ ಬಿಳಿ ಎಂದು ನಾಲ್ಕು ಹೆಸರು ಹೇಳುವವಳು. ದಿನಾ ಮೂರು ಗಂಟೆಗೆ ಅವನ ಪಾಲಿನ ಚಹಾವನ್ನೂ ತಂದಿಡುತ್ತಾಳೆ. ಅವಳ ಮಾತಿನಲ್ಲಿ ಬಣ್ಣವಿಲ್ಲದ ಪದವಿಲ್ಲ. ನೀಲಿ ಬಟ್ಟೆ ಒಣಗಿದೆ, ಆ ಕಪ್ಪು ಡಬ್ಬ ಸರಿಸಿ, ಹಳದಿ ವೈರು ಕೆಳಗೆ ಬಿದ್ದಿದೆ ಮೇಸ್ತ್ರೀ ಎತ್ಕೊಳ್ಳಿ. ಅವನಿಗೆ ಅದು ಕೆಲವು ಸಲ ತಲೆನೋವು. ಕಸುಬಿನ ಚಟ, ಗಾಣದವನ ಮೈಗೆ ಎಣ್ಣೆ ಅಂಟಿದ ಹಾಗೆ ಎಂದುಕೊಂಡಿದ್ದ. ಆವತ್ತು ಈ ಕಾರಿಗೆ ಪರದೆ ಕೂರಿಸುವಾಗಲೂ ಬಂದು ನಿಂತು, “ಆ ಬಾಗಿಲ ಕಂಬಕ್ಕೆ ನಾವು ಬೂದು ಪ್ರೈಮರ್ ಹೊಡೆದಿದೀವಿ, ನೋಡ್ಕೊಳ್ಳಿ,” ಎಂದಿದ್ದಳು. “ನಂಗೂ ಕಣ್ಣಿದೆ ಕಣಮ್ಮ,” ಎಂದಿದ್ದ ಅವನು. ನಾಲ್ಕು ಜನರ ಮುಂದೆ. ಅವಳು ಕೈ ಒರೆಸಿಕೊಂಡು ಹೋಗಿದ್ದಳು. ಮಾರನೆಯ ದಿನ ಮೂರಕ್ಕೆ ಲೋಟ ಎಂದಿನಂತೆ ಬಂದಿತ್ತು.

ಪೆಡಲುಗಳ ನಡುವೆ ಮಲಗಿದವನಿಗೆ ಯಾವುದೋ ಒಂದು ಎಣಿಕೆ ತಾನಾಗಿ ಶುರುವಾಯಿತು. ಹೋದ ವರ್ಷ ಅವಳು ಹೀಗೆ ಮಾತಾಡುತ್ತಿರಲಿಲ್ಲ. ಲೋಟ ಇಟ್ಟಿದೀನಿ ಅನ್ನುತ್ತಿದ್ದಳು. ಹಸಿರು ಲೋಟ ಅನ್ನುತ್ತಿರಲಿಲ್ಲ. ಯಾವಾಗಿನಿಂದ ಹಸಿರಾಯಿತು ಆ ಲೋಟ? ಬೇಸಿಗೆ ರಜೆಯ ಮುಂಚೆಯೋ? ಆರು ತಿಂಗಳು. ಯಾರೋ ಕತ್ತಲಲ್ಲಿ ತನ್ನ ಮೊಣಕೈ ಹಿಡಿದು ನಡೆಸುತ್ತಿದ್ದಾರೆಂದು ಆರು ತಿಂಗಳಾದ ಮೇಲೆ ಗೊತ್ತಾದರೆ ಮೊದಲು ಬರುವುದು ಕೃತಜ್ಞತೆಯಲ್ಲ, ಬೆವರು. ಅವಳಿಗೆ ಗೊತ್ತು. ಹಾಗಾದರೆ ಇನ್ನು ಯಾರಿಗೆ ಗೊತ್ತು? ಟಾರ್ಚು ಬಾಯಿಂದ ಬಿತ್ತು. ತೆವಳಿಕೊಂಡು ಹೊರಬಂದ. ಕಾರಿನ ಬಾಗಿಲಿಗೆ ಕೈಕೊಟ್ಟು ನಿಂತು, ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಅಕ್ಕಾ. ಒಂದ್ನಿಮಿಷ ಬರ್ತೀಯಾ? ಇಲ್ಲಿ ಒಳಗೆ ಒಂದು ಕ್ಲಿಪ್ ಇದೆ. ಅದು ಕಚ್ಚಿರೋ ತಂತಿ…” ಐವತ್ತೆಂಟು ವರ್ಷಕ್ಕೆ ಮೊದಲ ಸಲ ಕೇಳಬೇಕಾದ ಪ್ರಶ್ನೆ ಅದು. ಅಂಗನವಾಡಿ ಮಕ್ಕಳನ್ನು ಕೇಳುವಂಥದು. “ಅದು ಯಾವ ಬಣ್ಣ?”

ಅವಳು ಆಶ್ಚರ್ಯಪಡಲಿಲ್ಲ. ಅದೇ ಅವನಿಗೆ ಪೆಟ್ಟಿನ ಹಾಗೆ ತಾಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಮಂಡಿಯೂರಿ ಒಳಗೆ ಬಗ್ಗಿದಳು. ಟಾರ್ಚನ್ನು ಅವನು ಹಿಡಿದ. ಬೆಳಕು ಕುಣಿಯುತ್ತಿತ್ತು. “ಕೈ ಗಟ್ಟಿಯಾಗಿ ಹಿಡೀರಿ,” ಎಂದಳು. ಎರಡು ಕೈಯಲ್ಲಿ ಹಿಡಿದ. ಎದುರು ಶಾಲೆಯಲ್ಲಿ ಮಗ್ಗಿ ನಿಂತಿತ್ತು. ಅವಳು ಮಾತಾಡಲು ತೆಗೆದುಕೊಂಡ ಹೊತ್ತಿನಲ್ಲಿ ಅವನು ಆ ಮೇಡಂ ಮುಂದೆ ನಿಂತು ಏನು ಹೇಳಬೇಕೆಂಬುದನ್ನು ಮೂರು ಥರ ಹೇಳಿನೋಡಿದ. ಮೂರರಲ್ಲೂ ಮೇಡಂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

“ಬಿಳಿ,” ಎಂದಳು ಬಣ್ಣದಕ್ಕ.

“ಸರಿಯಾಗಿ ನೋಡು.”

“ಸುಣ್ಣದ ಬಿಳಿ ಅಲ್ಲ, ಹಲ್ಲಿನ ಬಿಳಿ. ಆದ್ರೆ ಬಿಳೀನೇ. ಪಕ್ಕದ ಎರಡು ಹಳದಿ, ನಿಂಬೆ ಹಳದಿ. ನಿಮ್ಮ ಕ್ಲಿಪ್ಪಿಗೂ ಈ ಹಳದಿಗೂ ಮಧ್ಯೆ ಒಂದು ಕೂದಲು ಹೋಗಲ್ಲ ಮೇಸ್ತ್ರೀ.”

ಅವನು ನೆಲದ ಮೇಲೆ ಕೂತುಬಿಟ್ಟ. ಅವಳು ಹೊರಗೆ ಬಂದು, ಅವನ ಪಕ್ಕದಲ್ಲಿ ಕೂರದೆ, ಸ್ವಲ್ಪ ದೂರದಲ್ಲಿ ಟೈರಿಗೆ ಒರಗಿ ಕೂತಳು, ಮುಖ ನೋಡಬೇಕಾಗದ ಹಾಗೆ. “ಯಾವಾಗಿಂದ ಗೊತ್ತು ನಿಂಗೆ?” ಎಂದ. “ಆವತ್ತು ನೀಲಿ ಡಬ್ಬದ ಮುಚ್ಚಳ ಕೇಳಿದೆ, ನೀವು ಕಪ್ಪು ಮುಚ್ಚಳ ಕೊಟ್ರಿ. ಕೊಟ್ಟು ನನ್ನ ಮುಖ ನೋಡಿದ್ರಿ, ಸರೀನಾ ಅಂತ. ಆಗ.” “ಯಾಕೆ ಹೇಳ್ಲಿಲ್ಲ?” ಅವಳು ಉಗುರಿನ ಸಂದಿಯ ಬಣ್ಣವನ್ನು ಕೆರೆಯುತ್ತಿದ್ದಳು. “ಹೇಳ್ಬೇಕಿತ್ತು. ಹೇಳಿದ್ರೆ ನಿಮ್ಮ ಸ್ಟೂಲ್ ಹೋಗುತ್ತೆ ಅನ್ನಿಸ್ತು. ಸುಮ್ನೆ ಬಣ್ಣ ಹೇಳ್ಕೊಂಡಿದ್ರೆ ಸಾಕು ಅಂದ್ಕೊಂಡೆ. ಒಂದೊಂದು ದಿನ ಮನೇಲಿ ನಿದ್ದೆ ಬರ್ತಿರ್ಲಿಲ್ಲ ಮೇಸ್ತ್ರೀ. ಕಾರಿನೊಳಗಿಂದು ನಂಗೆ ಕಾಣಲ್ವಲ್ಲ, ಅಲ್ಲಿ ಯಾರು ಹೇಳ್ತಾರೆ ಅಂತ.” ಒಳ್ಳೆಯತನಕ್ಕೂ ಒಂದು ಭಯ ಇರುತ್ತದೆ, ಅದು ತನ್ನ ಭಯದಷ್ಟೇ ದೊಡ್ಡದು ಎಂದು ಅವನಿಗೆ ಹೊಳೆದಿರಲಿಲ್ಲ.

ಪರದೆ ಆರುವ ಕಾರಣ ಸಿಕ್ಕಿದ್ದೂ ಅವಳಿಂದಲೇ. “ಆ ಕಂಬದ ಬೋಲ್ಟ್ ನೋಡಿದ್ರಾ?” ಎಂದಳು. ಅವನು ಅರ್ತಿನ ತಂತಿಯನ್ನು ಬಾಗಿಲ ಕಂಬಕ್ಕೆ ಬೋಲ್ಟು ಹಾಕಿ ಬಿಗಿದಿದ್ದ, ಬೋಳು ಕಬ್ಬಿಣವೆಂದುಕೊಂಡು. ಅದು ಕಬ್ಬಿಣವಲ್ಲ, ಕಬ್ಬಿಣದ ಬಣ್ಣದ ಪ್ರೈಮರ್, ಬಣ್ಣಕ್ಕೆ ಮುಂಚೆ ಬಳಿಯುವ ಲೇಪ. ಬಣ್ಣದ ಮೇಲೆ ಬಿಗಿದ ಅರ್ತು ನೀರಿನ ಮೇಲೆ ಬರೆದ ಸಾಲಿನ ಹಾಗೆ; ಬೋಲ್ಟಿನ ತಿರುಪಿನ ಹಲ್ಲು ಎಲ್ಲೋ ಒಂದು ಕಡೆ ಕಚ್ಚಿದ್ದಷ್ಟೇ ಆಧಾರ, ಕಾರು ಕುಲುಕಿದರೆ ಅದೂ ಬಿಡುತ್ತದೆ, ಪರದೆ ಸಾಯುತ್ತದೆ, ಹುಟ್ಟುತ್ತದೆ. ಬೂದು ಪ್ರೈಮರ್ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನಂಗೂ ಕಣ್ಣಿದೆ. ಉಪ್ಪುಕಾಗದ ತೆಗೆದುಕೊಂಡು ಉಜ್ಜಿದ, “ಬಂತಾ?” “ಇನ್ನೂ ಬೂದು.” “ಈಗ?” “ಈಗ ಹೊಳೀತು.” ಬಿಗಿದು, ಬ್ಯಾಟರಿ ಕೂಡಿಸಿ, ಕೀಲಿ ತಿರುಗಿಸಿದ. ಹೊಟ್ಟೆಯ ಮುಂದೆ ಗುಂಡು ಹಿಡಿದು ಕೂತ ಆ ಚಿತ್ರ ಹತ್ತಿತು. ಒಂದು, ಎರಡು, ಮೂರು ಎಂದು ಎಣಿಸಿದ. ಆರಕ್ಕೆ ಆರಿತು. ಎಲ್ಲ ಕಾರಿನಲ್ಲೂ ಆರುವ ಹಾಗೆ; ಮೇಡಂ ನಿನ್ನೆ ಕಂಡದ್ದೂ ಇದನ್ನೇ ಇರಬೇಕು. ಪರದೆ ಒಮ್ಮೆ ಸ್ವಾಗತ ಎಂದು ಹೇಳಿ ಸುಮ್ಮನಾಯಿತು. ಬಾಗಿಲು ಬಡಿದ, ಸೀಟು ಕುಲುಕಿದ, ದೀಪ ಹಾಕಿ ತೆಗೆದ. ಆರಲಿಲ್ಲ.

ಆರಲಿಲ್ಲವೆಂದು ನೆಮ್ಮದಿಯಾಗಬೇಕಿತ್ತು. ಸೀಟನ್ನು ಮೇಡಂ ಇಟ್ಟುಕೊಂಡ ಜಾಗಕ್ಕೇ ಸರಿಸಿ ಹೊರಗೆ ಬಂದವನಿಗೆ, ತಣ್ಣಗಾದ ಚಹಾ ಬಾಯಿಗೆ ಇಟ್ಟಾಗ, ಬೇರೊಂದು ಯೋಚನೆ ಕೆಳಗಿನಿಂದ ಏರತೊಡಗಿತು, ಬಾವಿಯಲ್ಲಿ ಬಿದ್ದದ್ದು ತಾನಾಗಿ ತೇಲಿಬರುವ ಹಾಗೆ. ಈ ಕಾರು ತಿರುಗಿ ಬಂತು. ಅರ್ತು ಕೆಟ್ಟಿತ್ತು, ಅದಕ್ಕೇ ತಿರುಗಿ ಬಂತು, ಅದಕ್ಕೇ ಇವಳು ನೋಡಿ ಹಲ್ಲಿನ ಬಿಳಿ ಅಂದಳು. ಆರು ತಿಂಗಳಲ್ಲಿ ಬೇರೆ ಪರದೆಗಳನ್ನೂ ಕೂರಿಸಿದ್ದಾನೆ. ದೀಪದ ತಂತಿಗೆ ಕ್ಲಿಪ್ ಒತ್ತಿದ್ದು ಎಷ್ಟಕ್ಕೆ? ಬೆರಳು ಮಡಚಿ ಲೆಕ್ಕ ಹಾಕಿದ. ತರಕಾರಿ ಸಾಗಿಸುವವನ ವ್ಯಾನು. ಇಬ್ಬರು ಅಕ್ಕತಂಗಿಯರ ಒಂದೇ ಥರದ ಎರಡು ಕಾರು. ಬ್ಯಾಂಕಿನ ಮ್ಯಾನೇಜರು. ಹದಿನೇಳು. ಹದಿನೇಳು ಟಕ್. ಅವುಗಳಲ್ಲಿ ಒಂದೂ ತಿರುಗಿ ಬಂದಿಲ್ಲ. ಅವುಗಳ ಪರದೆ ಆರುವುದಿಲ್ಲ, ಒಮ್ಮೆ ಸ್ವಾಗತ ಹೇಳಿ ಸುಮ್ಮನಿರುತ್ತವೆ, ಅವರೆಲ್ಲ ಸಂತೋಷವಾಗಿ ಓಡಾಡುತ್ತಿದ್ದಾರೆ. ಇಷ್ಟು ಹೊತ್ತು ಅವನು ಹೆದರಿದ್ದು ಕೂಗಿಕೊಳ್ಳುವ ಕಾರಿಗೆ. ಹೆದರಬೇಕಾದದ್ದು ಸುಮ್ಮನಿರುವ ಕಾರುಗಳಿಗೆ.

ಭಾವಮೈದನ ಮೇಜಿನ ಮುಂದೆ ನಿಂತು ಹೇಳಿದ. ಕೂತು ಹೇಳಲಾಗಲಿಲ್ಲ. ಮೀಟರಿನ ಚೀಲದಿಂದ ನಾಲ್ಕಾಗಿ ಮಡಚಿದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟ. ಭಾವಮೈದ ಓದಿದ; ಮತ್ತೆ ಓದಿದ. ಆಗಲೇ ತಾನು ಆಡಿದ ಗಾದೆ ನೆನಪಾಗಿರಬೇಕು, ಕಿವಿ ಕೆಂಪಾದಂತೆ ಮೇಸ್ತ್ರಿಗೆ ಅನ್ನಿಸಿತು, ಆದರೆ ಕೆಂಪು ಎಂದು ಹೇಳಲು ತಾನು ಯಾರು? “ನಮ್ಮಕ್ಕಂಗೆ ಗೊತ್ತಾ?” ಎಂದ. ಇಲ್ಲವೆಂದು ಮೇಸ್ತ್ರಿ ತಲೆಯಾಡಿಸಿದ. “ಹದಿನೇಳು ಕಾರೂ ವಾಪಸ್ ತರಿಸಿ ನೋಡಿದ್ರೆ ಊರೆಲ್ಲ ಗೊತ್ತಾಗುತ್ತೆ ಭಾವ. ಅಂಗಡಿ ಮುಂದೆ ಯಾರು ಕಾರ್ ನಿಲ್ಲಿಸ್ತಾರೆ?” “ಗೊತ್ತು.” “ಏನೂ ಆಗಿಲ್ದೇನೂ ಇರಬಹುದು.” “ಇರಬಹುದು.” ಭಾವಮೈದ ಕುರ್ಚಿಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿದ. ಬಯ್ಯುತ್ತಾನೆಂದು ಮೇಸ್ತ್ರಿ ಕಾದ. ಬೈದಿದ್ದರೆ ಬೈಗುಳ ಮುಗಿಯುವವರೆಗಾದರೂ ಹೊತ್ತು ಸಿಗುತ್ತಿತ್ತು. ಅವನು ಎದ್ದು, ಗ್ಯಾರಂಟಿ ಕಾರ್ಡುಗಳ ಡಬ್ಬವನ್ನು ಗೂಡಿನಿಂದ ಇಳಿಸಿ, ಫೋನನ್ನು ಅದರ ಪಕ್ಕಕ್ಕೆ ಇಟ್ಟು, ತಾನು ಕೂತಿದ್ದ ಕುರ್ಚಿಯನ್ನು ಭಾವನ ಕಡೆ ತಿರುಗಿಸಿದ. “ಕೂತ್ಕೊಳ್ಳಿ. ನೀವೇ ಮಾತಾಡಿ. ನಂಗೆ ಬಾಯಿ ಬರಲ್ಲ.” ಹಾಗೆಂದವನು ಹೊರಗೆ ಹೋಗಲಿಲ್ಲ, ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತ. ಬಣ್ಣದಕ್ಕ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಟಾರ್ಚು.

ಮೊದಲನೆಯ ಕಾರ್ಡು ಬ್ಯಾಂಕಿನ ಮ್ಯಾನೇಜರದು. ಫೋನು ನಾಲ್ಕು ಸಲ ಬಡಿದುಕೊಂಡಿತು. ಎತ್ತದಿರಲಿ ಎಂದು ಅವನೊಳಗಿನ ಒಬ್ಬ ಬೇಡಿಕೊಂಡ. ಎತ್ತಿದರು.

“ಓಹೋ, ಮೇಸ್ತ್ರಿ! ಹೇಳಿ ಹೇಳಿ. ಹೊರಗೆ ಹೊರಟಿದ್ದೆ, ಕಾರ್ ಹತ್ತುತ್ತಾ ಇದೀನಿ.”

“ಸಾರ್, ಆ ಪರದೆ… ಹೇಗಿದೆ ಅಂತ ಕೇಳೋಣ ಅಂತ.”

“ಫಸ್ಟ್ ಕ್ಲಾಸ್! ಒಂದೇ ಒಂದು ದಿನ ತೊಂದರೆ ಕೊಟ್ಟಿಲ್ಲ ರೀ. ನೀವು ಮಾಡಿದ್ದು ಅಂದ್ರೆ ಕೇಳ್ಬೇಕಾ? ಏಯ್ ಪುಟ್ಟೀ, ಹಿಂದೆ ಅಲ್ವಾ ಕೂರೋದು ನೀನು? ಸರಿ, ಇವತ್ತೊಂದಿನ ಮುಂದೆ ಕೂತ್ಕೋ. ಹಾಂ ಮೇಸ್ತ್ರೀ, ಏನಂದ್ರಿ?” ಬಾಗಿಲು ಮುಚ್ಚಿದ ಸದ್ದು. ಕೀಲಿಯ ಸದ್ದು. ಅದರ ಹಿಂದೆಯೇ, ಫೋನಿನ ಆ ತುದಿಯಿಂದ, ಈ ಅಂಗಡಿಯಲ್ಲಿ ಮಾರಿದ ಪರದೆಗಳಿಗೆಲ್ಲ ಇರುವ ಅದೇ ಹೆಣ್ಣುದನಿ, ಸ್ಪಷ್ಟವಾಗಿ, ಒಂದೇ ಒಂದು ಸಲ, ಸ್ವಾಗತ ಎಂದಿತು.

“ಸ್ಟಾರ್ಟ್ ಮಾಡ್ಬೇಡಿ ಸಾರ್,” ಎಂದ ಮೇಸ್ತ್ರಿ. ತನ್ನ ದನಿ ಇಷ್ಟು ದೊಡ್ಡದಿದೆಯೆಂದು ಅವನಿಗೇ ಗೊತ್ತಿರಲಿಲ್ಲ. “ಕೀಲಿ ತೆಗೀರಿ. ಮಗೂನ ಇಳಿಸಿ. ಅಲ್ಲೇ ಇರಿ, ನಾನು ಬರ್ತೀನಿ.”

ಬಾಗಿಲ ಕಡೆ ತಿರುಗಿದ. ಬಣ್ಣದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

“ನಾವು ಬರ್ತೀವಿ,” ಎಂದ.